ಕೀಲಿಮಣೆಯಲ್ಲಿ ಕಾಣದ ಚಿಹ್ನೆಗಳು

ಬೇಗಂಪೇಟೆಯ ರೈಲು ನಿಲ್ದಾಣದಿಂದ ಅನತಿ ದೂರದಲ್ಲಿ ನಮ್ಮ ಕಡೆಯವರೊಬ್ಬರು ನಡೆಸುತ್ತಿರುವ ಉಪಾಹಾರ ಗೃಹವೊಂದುಂಟು. ಮೊನ್ನೆ ಬೆಳಿಗ್ಗೆ ನಾವು ಅಲ್ಲಿ ಕಾಫಿಗೆಂದು ಕುಳಿತಿದ್ದಾಗ ಗಲ್ಲಾದ ಬಳಿ ಸಣ್ಣದೊಂದು ಗಲಭೆ ಎದ್ದಿತು. ಗಿರಾಕಿಯೊಬ್ಬರು ಬಿಲ್ಲಿನ ಚೀಟಿಯನ್ನು ಬೆಳಕಿಗೆ ಹಿಡಿದು, ನೂರಿಪ್ಪತ್ತರ ಹಿಂದೆ ಪ್ರಶ್ನಾರ್ಥಕ ಚಿಹ್ನೆ ಇರುವುದೇಕೆ, ಬೆಲೆಯ ವಿಷಯದಲ್ಲಿ ನಿಮಗೇ ಸಂಶಯವೋ ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಸುತ್ತಲಿನವರು ನಕ್ಕರು. ಗಲ್ಲಾದ ಮೇಲಿದ್ದ ರಾಯರು ಮಾತ್ರ ನಗಲಿಲ್ಲ. ಗಿರಾಕಿ ಹೊರಟುಹೋದ ಮೇಲೆ ಅವರು ನಮ್ಮ ಕಡೆ ತಿರುಗಿ, "ನೋಡಿ ಸ್ವಾಮಿ, ನಾನು ಒತ್ತಿದ್ದು ರೂಪಾಯಿಯ ಚಿಹ್ನೆಯನ್ನೇ. ಪರದೆಯ ಮೇಲೆ ಸರಿಯಾಗಿಯೇ ನಿಂತಿತ್ತು. ಚೌಕಿಯಿಂದ ರಂಗಸ್ಥಳಕ್ಕೆ ಬರುವಷ್ಟರಲ್ಲಿ ವೇಷ ಬದಲಾಯಿಸಿತು," ಎಂದರು.

ಅವರ ದುಃಖ ಅಷ್ಟಕ್ಕೇ ಮುಗಿಯಲಿಲ್ಲ. ಗೋಡೆಯ ಮೇಲೆ ಅಂಟಿಸಲು ಅವರೇ ರಾತ್ರಿ ಕುಳಿತು ಬೆರಳಚ್ಚು ಮಾಡಿದ ತಿಂಡಿಯ ಪಟ್ಟಿಯಲ್ಲಿ, ಅರ್ಧ ಪ್ಲೇಟಿನ ½ ಇರಬೇಕಾದೆಡೆ ಖಾಲಿ ಡಬ್ಬಿಗಳು ಸಾಲಾಗಿ ನಿಂತಿದ್ದವು. ತಲೆಯ ಮೇಲೆ ಬರೆದ ‘॥ ಶ್ರೀ ॥’ ಎಂಬುದು ಯಾವ ಭಾಷೆಗೂ ಸೇರದ ಗೀಚಾಗಿತ್ತು. ಯಜಮಾನರು ನೋಡುವ ಮೊದಲು ಅದನ್ನು ಹರಿದುಹಾಕಬೇಕೆಂಬ ಆತುರ ಅವರ ಮುಖದಲ್ಲಿ ಕಾಣುತ್ತಿತ್ತು. ಹೋಟೆಲಿನಲ್ಲಿ ಲೆಕ್ಕದ ತಪ್ಪಿಗಿಂತಲೂ ಗಿರಾಕಿಯ ನಗೆ ದೊಡ್ಡ ಅಪರಾಧವೆಂಬುದನ್ನು ಅಲ್ಲಿ ದುಡಿದವರಿಗೆ ನಾವು ಹೇಳಬೇಕಾಗಿಲ್ಲ. ಆದಕಾರಣ ಈ ಚಿಹ್ನೆಗಳ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ವಾಚಕರ ಮುಂದಿಡಬೇಕೆಂದು ನಮಗೆ ಅಂದೇ ತೋರಿತು.

ಗಣಕಯಂತ್ರಕ್ಕೆ ಅಕ್ಷರವೆಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ನಾವು ಒಂದು ಕೀಲಿಯನ್ನು ಒತ್ತಿದರೆ ಅದು ಒಂದು ಸಂಖ್ಯೆಯನ್ನು ಬರೆದುಕೊಳ್ಳುತ್ತದೆ. ಆ ಸಂಖ್ಯೆಗೆ ಯಾವ ಚಿತ್ರವನ್ನು ತೋರಿಸಬೇಕೆಂಬುದನ್ನು ಅಕ್ಷರಶೈಲಿ, ಅಂದರೆ ಫಾಂಟು, ಹೇಳುತ್ತದೆ. ಪರದೆಯ ಬಳಿ ಆ ಚಿತ್ರವಿದ್ದು ಬಿಲ್ಲಿನ ಮುದ್ರಣ ಯಂತ್ರದ ಬಳಿ ಇಲ್ಲದೆ ಹೋದರೆ, ಯಂತ್ರವು ತನಗೆ ತಿಳಿಯದೆಂಬುದನ್ನು ಪ್ರಶ್ನಾರ್ಥಕ ಚಿಹ್ನೆಯಿಂದಲೋ ಖಾಲಿ ಡಬ್ಬಿಯಿಂದಲೋ ಸೂಚಿಸುತ್ತದೆ. ರೂಪಾಯಿಯ ಚಿಹ್ನೆಯು ವಯಸ್ಸಿನಲ್ಲಿ ಬಹಳ ಚಿಕ್ಕದು. ಡಿ. ಉದಯಕುಮಾರ್ ಅವರು ರಚಿಸಿದ ₹ ಎಂಬ ರೂಪವನ್ನು ಕೇಂದ್ರ ಸಚಿವ ಸಂಪುಟವು ಒಪ್ಪಿದ್ದು 2010ನೆಯ ಇಸವಿಯ ಜುಲೈ 15ರಂದು. ದೇವನಾಗರಿಯ ರಕಾರವನ್ನೂ ರೋಮನ್ ಲಿಪಿಯ ಆರ್ ಅಕ್ಷರವನ್ನೂ ಒಂದರಲ್ಲಿ ಕೂಡಿಸಿದ ಆ ಚಿಹ್ನೆಗೆ ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಥಾನ ದೊರೆಯಿತು. ಚಿಕ್ಕ ಬಿಲ್ಲಿನ ಯಂತ್ರಗಳಲ್ಲಿ ಎಷ್ಟೋ ಇಂದಿಗೂ ಅದನ್ನು ಅರಿಯವು.

ಈ ನಡುವಣ ಕಾಲದಲ್ಲಿ ನಮ್ಮ ಮಂಗಳೂರಿನವರು ಮಾಡಿದ ಒಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾಗದು. ಚಿಹ್ನೆಗೆ ಅಧಿಕೃತ ಸಂಖ್ಯೆ ಇನ್ನೂ ಬಾರದಿದ್ದಾಗ, ಆ ಜುಲೈ ತಿಂಗಳಿನಲ್ಲಿಯೇ, ಮಂಗಳೂರಿನ ಫೊರಾಡಿಯನ್ ಎಂಬ ಸಂಸ್ಥೆಯ ತರುಣರು ರೂಪಾಯಿಯ ಒಂದು ಫಾಂಟನ್ನು ಸಿದ್ಧಪಡಿಸಿ ಯಾರು ಬೇಕಾದರೂ ತೆಗೆದುಕೊಳ್ಳಿರೆಂದು ಉಚಿತವಾಗಿ ಹಂಚಿದರು. ಕೀಲಿಮಣೆಯ ಎಡ ಮೂಲೆಯಲ್ಲಿ, ಟ್ಯಾಬ್ ಕೀಲಿಯ ಮೇಲೆ, ಯಾರೂ ಮುಟ್ಟದ ಒಂದು ಓರೆಗೆರೆಯ ಕೀಲಿ ಇದೆಯಲ್ಲವೆ? ಅದರ ಮೇಲೆ ರೂಪಾಯಿಯನ್ನು ಕೂರಿಸಿದರು. ಅಂಗಡಿಯವರೂ ಗುಮಾಸ್ತರೂ ಸರಕಾರದ ವ್ಯವಸ್ಥೆಗಾಗಿ ಕಾಯದೆ ಮರುದಿನದಿಂದಲೇ ಹೊಸ ಚಿಹ್ನೆಯನ್ನು ಬರೆಯತೊಡಗಿದರು. ಆದರೆ ಅದು ವೇಷವೇ ಹೊರತು ಮೈಯಲ್ಲ. ಒಳಗಿನ ಸಂಖ್ಯೆ ಓರೆಗೆರೆಯದೇ ಆಗಿದ್ದುದರಿಂದ, ಅಂತಹ ಯಾವುದೇ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ರೂಪಾಯಿ ಮಾಯವಾಗಿ ಓರೆಗೆರೆ ಉಳಿಯುತ್ತದೆ. ಹಳೆಯ ದರಪಟ್ಟಿಗಳಲ್ಲಿ ಅಂಕಿಯ ಹಿಂದೆ ಸೊಳ್ಳೆಯಂತೆ ಕುಳಿತ ಗೆರೆಯೊಂದು ಕಂಡರೆ, ಅದು ಒಂದು ಕಾಲದಲ್ಲಿ ರೂಪಾಯಿಯಾಗಿ ಬಾಳಿತ್ತೆಂದು ವಾಚಕರು ಊಹಿಸಬಹುದು.

ಕೀಲಿಮಣೆಯಲ್ಲಿ ಇಲ್ಲದ್ದನ್ನು ಇರುವುದರಿಂದ ಮಾಡಿಕೊಳ್ಳುವ ಈ ಜಾಣ್ಮೆ ಗುಮಾಸ್ತರ ವಂಶದಲ್ಲಿ ಬಹಳ ಹಿಂದಿನಿಂದ ಬಂದದ್ದು. ಗೋದ್ರೇಜ್ ಕಂಪನಿಯು ನಮ್ಮ ದೇಶದಲ್ಲಿಯೇ ಟೈಪ್‌ರೈಟರನ್ನು ತಯಾರಿಸತೊಡಗಿದ್ದು 1955ರಲ್ಲಿ. ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಒಂದು ಎಂಬ ಅಂಕಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವನ್ನೇ ಒಂದೆಂದು ಬಗೆದು ಲಕ್ಷಗಟ್ಟಲೆ ರೂಪಾಯಿಯ ಲೆಕ್ಕವನ್ನು ಬರೆಯುತ್ತಿದ್ದರು. ಆಶ್ಚರ್ಯಸೂಚಕ ಚಿಹ್ನೆ ಬೇಕಾದರೆ ಮೊದಲು ಒಂದು ಚುಕ್ಕೆ, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಅದರ ಮೇಲೊಂದು ಮೇಲುಗೆರೆ. ಸಂಘದ ವಾರ್ಷಿಕೋತ್ಸವದ ಆಮಂತ್ರಣಕ್ಕೆ ನಕ್ಷತ್ರ ಚಿಹ್ನೆಗಳ ಅಂಚು, ಅಂಚಿನ ಮೂಲೆಗಳಿಗೆ ಸೊನ್ನೆಗಳ ಹೂವು. 1956ರಲ್ಲಿ ರಾಜ್ಯಗಳ ವಿಂಗಡಣೆಯಾಗುವ ಮೊದಲು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಈ ಹೈದರಾಬಾದಿಗೇ ಸೇರಿದ್ದವಷ್ಟೆ. ಅಲ್ಲಿಂದ ಬಂದು ಕಚೇರಿಗಳಲ್ಲಿ ಸೇರಿದ ನಮ್ಮ ಹಿರಿಯ ಗುಮಾಸ್ತರಿಗೆ ಈ ಉಪಾಯಗಳೆಲ್ಲ ಬೆರಳ ತುದಿಯಲ್ಲಿದ್ದವು.

ಇದನ್ನು ಕಲೆಯ ಮಟ್ಟಕ್ಕೆ ಒಯ್ದವರೂ ಉಂಟು. ಇಂಗ್ಲೆಂಡಿನ ಫ್ಲೋರಾ ಸ್ಟೇಸಿ ಎಂಬ ಮಹಿಳೆ 1898ರಲ್ಲಿಯೇ ಆವರಣ ಚಿಹ್ನೆ, ಚುಕ್ಕೆ, ಅಡ್ಡಗೆರೆ, ನಕ್ಷತ್ರಗಳಿಂದ ಒಂದು ಚಿಟ್ಟೆಯನ್ನು ಟೈಪು ಮಾಡಿದ್ದಳು. ಅಷ್ಟು ದೂರ ಏಕೆ, ಮುಂಬಯಿಯ ಚಂದ್ರಕಾಂತ ಭಿಡೆಯವರನ್ನು ನೋಡಬಹುದು. ಚಿತ್ರಕಲೆಯನ್ನು ಕಲಿಯಬೇಕೆಂಬ ಆಸೆಯನ್ನು ಮನೆಯ ಕಷ್ಟಕ್ಕೆ ಒಪ್ಪಿಸಿ ಯೂನಿಯನ್ ಬ್ಯಾಂಕಿನಲ್ಲಿ ಬೆರಳಚ್ಚುಗಾರರಾದವರು ಅವರು. ಕಚೇರಿಯ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಟೈಪು ಮಾಡಲು ಹೇಳಿದಾಗ, ಆ ಪಟ್ಟಿಯನ್ನೇ ದೂರವಾಣಿ ಯಂತ್ರದ ಆಕಾರದಲ್ಲಿ ಟೈಪು ಮಾಡಿಕೊಟ್ಟರು. ತರುವಾಯ ಗಣಪತಿ, ತರುವಾಯ ನಾಯಕರ ಮುಖಗಳು, ತರುವಾಯ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ‘ಸಾಮಾನ್ಯ ಮನುಷ್ಯ’. ಲಕ್ಷ್ಮಣರೇ ಇವರ ಕೆಲಸವನ್ನು ಕಂಡು ಮೆಚ್ಚಿದರು. ನಿವೃತ್ತರಾಗುವಾಗ ತಾವು ದುಡಿದ ಯಂತ್ರವನ್ನು ಬಿಟ್ಟುಹೋಗಲು ಮನಸ್ಸಾಗದೆ ಕೇಳಿಕೊಳ್ಳಲಾಗಿ, ಬ್ಯಾಂಕು ಒಂದು ರೂಪಾಯಿಗೆ ಅದನ್ನು ಅವರಿಗೆ ಕೊಟ್ಟಿತು. ಕೈಗೆ ಕುಂಚ ಸಿಗದವನು ಕೀಲಿಯಲ್ಲಿ ಕುಂಚವನ್ನು ಕಂಡನೆಂಬುದನ್ನು ನೆನೆದಾಗ ನಮಗೆ, ಹೋಟೆಲಿನ ಒಳಮನೆಯಲ್ಲಿ ದೋಸೆಯ ಕಾವಲಿಯ ಮುಂದೆ ನಿಂತು ಭಾಗವತರ ಪದ ಗುನುಗುವ ಎಷ್ಟೋ ಮಂದಿಯ ನೆನಪಾಗುತ್ತದೆ.

ಈಗ ಕೀಲಿಯ ವಿಷಯಕ್ಕೆ ಬರೋಣ. 1981ರ ಆಗಸ್ಟಿನಲ್ಲಿ ಐಬಿಎಂ ಕಂಪನಿಯು ತನ್ನ ಮೇಜಿನ ಗಣಕಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ 256 ಚಿತ್ರಗಳ ಒಂದು ಪಟ್ಟಿಯನ್ನು ಇರಿಸಿತ್ತು. ಮೊದಲ ಕೆಲವು ಸಂಖ್ಯೆಗಳು ಯಂತ್ರದ ಒಳ ಆಜ್ಞೆಗಳಿಗೆ ಮೀಸಲು. ಅವಕ್ಕೆ ಚಿತ್ರವೇ ಬೇಕಾಗಿರಲಿಲ್ಲ. ಆ ಖಾಲಿ ಸ್ಥಳಗಳಲ್ಲಿ ನಗುಮುಖ, ಇಸ್ಪೀಟಿನ ನಾಲ್ಕು ಬಣ್ಣ, ಸಂಗೀತದ ಸ್ವರ, ಸೂರ್ಯ ಮುಂತಾದವನ್ನು ತುಂಬಿದರು. ಆ ಪಟ್ಟಿ ಇಂದಿಗೂ ನಮ್ಮ ವಿಂಡೋಸ್ ಯಂತ್ರಗಳ ಹೊಟ್ಟೆಯಲ್ಲಿ ಜೀವಂತವಾಗಿದೆ. ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಗಡೆಯ ಅಂಕಿಗಳ ಗುಂಪಿನಲ್ಲಿ 3 ಒತ್ತಿ ಬಿಟ್ಟರೆ ♥ ಬರುತ್ತದೆ. 1 ಒತ್ತಿದರೆ ☺, 4 ಒತ್ತಿದರೆ ♦, 13 ಒತ್ತಿದರೆ ♪, 15 ಒತ್ತಿದರೆ ☼. ಅಕ್ಷರಗಳ ಮೇಲಿನ ಸಾಲಿನ ಅಂಕಿಗಳಿಂದ ಇದು ನಡೆಯದು. ನಮ್ ಲಾಕ್ ದೀಪ ಉರಿಯುತ್ತಿರಬೇಕು. ನಮ್ಮ ರಾಯರು ಎರಡು ವಾರ ಮೇಲಿನ ಸಾಲನ್ನು ಕುಟ್ಟಿ ಯಂತ್ರಕ್ಕೆ ಶಾಪ ಹಾಕಿದ್ದರಂತೆ.

ಹೃದಯ, ಇಸ್ಪೀಟುಗಳಿಂದ ಹೋಟೆಲಿಗೆ ಪ್ರಯೋಜನ ಕಡಿಮೆ. ಅದಕ್ಕೆ ಬೇಕಾದವು ಬೇರೆ. ಆಲ್ಟ್ ಹಿಡಿದು 0189 ಎಂದರೆ ½, 0188 ಎಂದರೆ ¼, 0190 ಎಂದರೆ ¾. ಶೀತಕದ ಉಷ್ಣತೆಯನ್ನು ಬರೆದಿಡುವವರಿಗೆ 0176 ಎಂದರೆ °. ಪೊಟ್ಟಣಗಳ ಲೆಕ್ಕದಲ್ಲಿ ಗುಣಾಕಾರಕ್ಕೆ 0215 ಎಂದರೆ ×. ಮುಂದಿನ ಸೊನ್ನೆಯನ್ನು ಬಿಡಬಾರದು. ಬಿಟ್ಟರೆ ಯಂತ್ರವು ಐಬಿಎಮ್ಮಿನ ಹಳೆಯ ಪಟ್ಟಿಯನ್ನು ತೆರೆದು ಬೇರೇನನ್ನೋ ತಂದಿಡುತ್ತದೆ. ರೂಪಾಯಿಗೆ ಸುಲಭದ ದಾರಿಯುಂಟು: ಕೀಲಿಮಣೆಯನ್ನು ‘ಇಂಗ್ಲಿಷ್ ಇಂಡಿಯಾ’ ಎಂದು ಆರಿಸಿಕೊಂಡು, ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಪ್ರತ್ಯಕ್ಷವಾಗುತ್ತದೆ. ಕೈಯಲ್ಲಿ ಮೊಬೈಲ್ ಮಾತ್ರ ಇರುವ ಮಾಣಿಗಳು ಗೂಗಲ್ಲಿನ ಕೀಲಿಮಣೆಯಲ್ಲಿ 1ರ ಮೇಲೆ ಬೆರಳನ್ನು ಒಂದು ಕ್ಷಣ ಊರಿ ಹಿಡಿದರೆ ಅರ್ಧ, ಕಾಲುಗಳು ಸಾಲಾಗಿ ಬಂದು ನಿಲ್ಲುತ್ತವೆ.

ವರ್ಡ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಇನ್ನೊಂದು ಉಪಾಯವಿದೆ. ಕಚೇರಿಯ ಮಿತ್ರರಿಗೆ ಇದೇ ಹೆಚ್ಚು ಉಪಯುಕ್ತ. ಚಿಹ್ನೆಯ ಯೂನಿಕೋಡ್ ಸಂಖ್ಯೆಯನ್ನು ಬರೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಸಂಖ್ಯೆ ಅಳಿದು ಚಿಹ್ನೆ ನಿಲ್ಲುತ್ತದೆ. 2605 ಎಂದರೆ ★, 2713 ಎಂದರೆ ✓, 0950 ಎಂದರೆ ॐ. ಮದುವೆಯ ಕರೆಯೋಲೆಯ ತಲೆಯಲ್ಲಿ ‘ಶ್ರೀ’ಯ ಎರಡು ಪಕ್ಕಗಳಿಗೆ ಬೇಕಾದ ಜೋಡಿಗೆರೆ ॥ ಎಂಬುದರ ಸಂಖ್ಯೆ 0965. ಇದು ಪಟ್ಟಿಯಲ್ಲಿ ದೇವನಾಗರಿಯ ಮನೆಯಲ್ಲಿದೆ, ಆದರೆ ಭಾರತದ ಲಿಪಿಗಳೆಲ್ಲಕ್ಕೂ ಸಮಾನ ಸ್ವತ್ತು. ಅನೇಕರು ಇದನ್ನು ತಿಳಿಯದೆ ಇಂಗ್ಲಿಷಿನ ಲಂಬಗೆರೆಯನ್ನು ಎರಡು ಸಲ ಒತ್ತಿ ಸಮಾಧಾನಪಡುತ್ತಾರೆ. ತಪ್ಪೇನಿಲ್ಲ, ಕಣ್ಣಿಗೆ ಸ್ವಲ್ಪ ಒರಟು, ಅಷ್ಟೆ.

ಇನ್ನು ‘ಶ್ರೀ’. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಇದಕ್ಕೆ ನಾಲ್ಕೇ ಒತ್ತು: ದೊಡ್ಡ ಎಸ್, ಸಣ್ಣ ಎಫ್, ಸಣ್ಣ ಆರ್, ದೊಡ್ಡ ಐ. ಇಲ್ಲಿ ಎಫ್ ಎಂಬುದು ವ್ಯಂಜನವನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನದರೊಡನೆ ಬೆಸೆಯುವ ಕೊಂಡಿ. ಹಿಂದೆ ಅನಂತ ಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸಿ ಅಕ್ಷರ ಕಟ್ಟಬೇಕಾಗಿತ್ತು. ಗುಡಿಯ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಂತೆ. ಕಿನ್ನಿಕಂಬಳದ ಕೆ.ಪಿ. ರಾಯರು ಅದನ್ನು ಬಿಟ್ಟು, ಬಾಯಲ್ಲಿ ಉಚ್ಚರಿಸುವ ಕ್ರಮದಲ್ಲಿಯೇ ಕೀಲಿಯನ್ನು ಒತ್ತಿದರೆ ಸಾಕೆಂಬ ವಿನ್ಯಾಸವನ್ನು ಕೊಟ್ಟರು. ಕನ್ನಡ ಗಣಕ ಪರಿಷತ್ತಿನ ನುಡಿ ಆ ದಾರಿಯಲ್ಲಿಯೇ ನಡೆಯಿತು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹವೂ ಬಂದು, ಹೊರನಾಡಿನ ಕನ್ನಡಿಗನು ತನ್ನ ಮೇಜಿನ ಮೇಲೆ ತನ್ನ ಲಿಪಿಯನ್ನು ಕಂಡನು.

ಆದರೆ ಆ ದಿನಗಳ ಫಾಂಟುಗಳಲ್ಲಿಯೂ ಒಳಗೆ ಇದ್ದುದು ಕನ್ನಡದ ಸಂಖ್ಯೆಯಲ್ಲ. ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ವೇಷ ಹಾಕಿಸಿದ್ದರು. ಯೂನಿಕೋಡ್ ಬಳಕೆಗೆ ಬಾರದ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ. ಆಗ ಬೆರಳಚ್ಚು ಮಾಡಿದ ಒಂದು ಕಡತವನ್ನು ಈಗ ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ, ‘ಕನ್ನಡ’ ಎಂಬ ಮೂರಕ್ಷರದ ನಡುವೆ ನಕಾರವಿರಬೇಕಾದಲ್ಲಿ ಇಂಗ್ಲೆಂಡಿನ ಪೌಂಡ್ ಚಿಹ್ನೆ £ ಕುಳಿತಿರುತ್ತದೆ! ರಾಯರ ‘ಶ್ರೀ’ ಗೀಚಾದುದೂ ಈ ಕಾರಣದಿಂದಲೇ. ಅವರು ಹತ್ತು ಹದಿನೈದು ವರ್ಷ ಹಳೆಯ ಕಡತವೊಂದನ್ನೇ ತಿದ್ದುತ್ತ ಬಂದಿದ್ದರು. ಇದು ಒಂದು ಹೋಟೆಲಿನ ತೊಂದರೆಯಲ್ಲ. ಹೊರನಾಡಿನ ಸಂಘಗಳ ಸ್ಮರಣ ಸಂಚಿಕೆ, ವರದಿ, ನಾಟಕದ ಹಸ್ತಪ್ರತಿ ಎಷ್ಟೋ ಇಂತಹ ಫಾಂಟುಗಳಲ್ಲಿಯೇ ಉಳಿದಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಕಡತ ಹುಡುಕಿ ಕೊಡುವ ಮನುಷ್ಯರು ಇರುವಾಗಲೇ ಅದನ್ನು ಮಾಡಬೇಕು. ನಮ್ಮಲ್ಲಿಯೂ ಅಂತಹ ಹಳೆಯ ತಟ್ಟೆಗಳ ಒಂದು ಪೆಟ್ಟಿಗೆ ಇದೆ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ.

ಕಾಣುವ ಚಿಹ್ನೆಗಳಂತೆ ಕಾಣದ ಚಿಹ್ನೆಯೂ ಒಂದಿದೆ. ‘ರಾಜ್‌ಕುಮಾರ್’ ಎಂದು ಬರೆಯಹೋದರೆ ಯಂತ್ರವು ಜಕಾರಕ್ಕೆ ಕಕಾರವನ್ನು ಒತ್ತಾಗಿ ಕೊಟ್ಟು ‘ರಾಜ್ಕುಮಾರ್’ ಎಂದುಬಿಡುತ್ತದೆ. ನಡುವೆ ಕೂಡಿಕೆಯನ್ನು ತಡೆಯುವ ಒಂದು ಅದೃಶ್ಯ ಚಿಹ್ನೆಯನ್ನು ಇಡಬೇಕು; ವರ್ಡಿನಲ್ಲಿ 200 ಎಂದು ಬರೆದು ಅದಕ್ಕೆ ಅಂಟಿಸಿ ಇಂಗ್ಲಿಷಿನ ಸಿ ಬರೆದು ಆಲ್ಟ್, ಎಕ್ಸ್ ಒತ್ತಬೇಕು. ಇದೇ ಬೇಗಂಪೇಟೆಯ ಸೀಮೆಯಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಕ್ರಿಮಿಯನ್ನು ಸೂಕ್ಷ್ಮದರ್ಶಕದಿಂದ ಕಂಡನು. ಕಾಣದ ಅಲ್ಪವಸ್ತುವಿಗೆ ಎಷ್ಟು ಪ್ರಭಾವವಿದೆಯೆಂಬುದಕ್ಕೆ ಈ ಊರಿನಲ್ಲಿ ಬೇರೆ ಸಾಕ್ಷಿ ಬೇಡ. ಯೂನಿಕೋಡಿನ ಪಂಡಿತರೂ ಎಡವದವರಲ್ಲ: ನಮ್ಮ ಹಳಗನ್ನಡದ ೞ ಅಕ್ಷರವನ್ನು ಅವರು ತಮ್ಮ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರಿನಿಂದ ಸೇರಿಸಿದರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಅವರ ನಿಯಮವಾದುದರಿಂದ ಪಂಪನ ಕಾಲದ ಆ ಅಕ್ಷರ ಇಂದಿಗೂ ಪರರ ಹೆಸರನ್ನು ಹೊತ್ತು ನಿಂತಿದೆ.

ಅಲಂಕಾರವು ಅತಿಯಾದರೆ ಏನಾಗುತ್ತದೆಂಬುದನ್ನೂ ಹೇಳಬೇಕು. ಗಣಿತಜ್ಞರ ಉಪಯೋಗಕ್ಕಾಗಿ 2001ರಲ್ಲಿ ಯೂನಿಕೋಡ್ ಪಟ್ಟಿಗೆ ದಪ್ಪ, ಓರೆ, ಬಳ್ಳಿಯಂತಹ ರೋಮನ್ ಅಕ್ಷರಗಳ ದೊಡ್ಡ ಗುಂಪೊಂದು ಸೇರಿತು. ಅವನ್ನು ನಕಲಿಳಿಸಿ ತಮ್ಮ ಹೆಸರನ್ನು ಹೂವಿನಂತೆ ಬರೆದುಕೊಳ್ಳುವುದು ತರುಣರಿಗೆ ಈಗ ಒಂದು ಶೋಕಿ. ನಮಗೆ ಪರಿಚಯದ ಹುಡುಗನೊಬ್ಬನು, ಕುಂದಾಪುರದ ಕಡೆಯವನು, ಐದು ವರ್ಷ ಸಪ್ಲೈಯರನಾಗಿ ದುಡಿಯುತ್ತ ರಾತ್ರಿ ತರಗತಿಗಳಲ್ಲಿ ಓದಿ, ದೊಡ್ಡ ವಸತಿಗೃಹವೊಂದರ ಲೆಕ್ಕದ ವಿಭಾಗಕ್ಕೆ ಅರ್ಜಿ ಹಾಕಿದನು. ಹೆಸರು ಎದ್ದು ಕಾಣಲೆಂದು ಅದನ್ನು ಬಳ್ಳಿಯಕ್ಷರದಲ್ಲಿ ಬರೆದನು. ಬಹಳ ದಿನ ಉತ್ತರ ಬಾರದಿರಲು ತಾನೇ ಹೋಗಿ ವಿಚಾರಿಸಿದನು. ಗುಮಾಸ್ತೆಯು ಹೆಸರನ್ನು ಹುಡುಕಿದರೆ ಯಂತ್ರವು ಅಂತಹವನೇ ಇಲ್ಲವೆಂದಿತು. ಕಣ್ಣಿಗೆ ಅವನ ಹೆಸರಾಗಿ ಕಂಡದ್ದು ಯಂತ್ರಕ್ಕೆ ಗಣಿತದ ಚಿಹ್ನೆಗಳ ಸಾಲು. ಕಣ್ಣಿಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳೂ ಇಂತಹ ಅಕ್ಷರಗಳ ಮುಂದೆ ತೊದಲುತ್ತವೆ. ಆ ಆಸಾಮಿಯು ಪುಣ್ಯವಂತ. ಗುಮಾಸ್ತೆಯು ತಾಳ್ಮೆಯಿಂದ ಅರ್ಜಿಯನ್ನು ಕೈಯಿಂದಲೇ ಹುಡುಕಿ ತೆಗೆದಳು. ಕೆಲಸ ಸಿಕ್ಕಿತೋ ಎಂದರೆ, ಸಿಗಲಿಲ್ಲ. ಜಾಗ ಅಷ್ಟರಲ್ಲಿ ತುಂಬಿತ್ತು. ಎರಡನೆಯ ಅರ್ಜಿಯಲ್ಲಿ ಅವನ ಹೆಸರು ಸಾಮಾನ್ಯ ಅಕ್ಷರದಲ್ಲಿದೆ.

ಇಷ್ಟೆಲ್ಲ ಕೇಳಿದ ರಾಯರು, "ಹಾಗಾದರೆ ನನ್ನ ಪಟ್ಟಿಗೆ ಎಂತ ಮಾಡುದು?" ಎಂದರು. ಬಿಲ್ಲಿನ ಯಂತ್ರದ ಮಟ್ಟಿಗೆ ಚಿಹ್ನೆಯ ಆಸೆ ಬಿಟ್ಟು ಇಂಗ್ಲಿಷಿನ ಆರ್, ಎಸ್ ಎರಡಕ್ಷರಗಳಿಗೇ ಮರಳಿರೆಂದೆವು. ಗೋಡೆಯ ಪಟ್ಟಿಯನ್ನು ಮಾತ್ರ ಹೊಸದಾಗಿ ಯೂನಿಕೋಡಿನಲ್ಲಿ ಬರೆದು, ಪಿಡಿಎಫ್ ಮಾಡಿ ಮುದ್ರಣದ ಅಂಗಡಿಗೆ ಕಳುಹಿಸಬೇಕು. ಅಡೋಬಿ ಕಂಪನಿಯು 1993ರಲ್ಲಿ ತಂದ ಈ ಪಿಡಿಎಫ್ ಎಂಬುದರಲ್ಲಿ ಬೇಕಾದ ಫಾಂಟುಗಳನ್ನು ಒಳಗೇ ಕಟ್ಟಿಕೊಂಡು ಹೋಗುವ ಏರ್ಪಾಡಿದೆ; ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕನಿಗೆ ದಾರಿಯ ಅಂಗಡಿಯ ಹಂಗಿಲ್ಲ. ಅಂದಹಾಗೆ, ವರ್ಡಿನ ಒಡೆತನದ ಮೈಕ್ರೋಸಾಫ್ಟಿಗೆ 2014ರಲ್ಲಿ ಮುಖ್ಯಾಧಿಕಾರಿಯಾದ ಸತ್ಯ ನಾದೆಳ್ಳ, ಅಡೋಬಿಗೆ 2007ರಲ್ಲಿ ಮುಖ್ಯಾಧಿಕಾರಿಯಾದ ಶಂತನು ನಾರಾಯಣ್ ಇಬ್ಬರೂ ಓದಿದ್ದು ಇದೇ ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಶಾಲೆಯಲ್ಲಿ. 1923ರಲ್ಲಿ ಜಾಗೀರದಾರರ ಮಕ್ಕಳಿಗಾಗಿ ಆರಂಭವಾದ ಶಾಲೆ ಅದು. ಇದನ್ನು ಹೇಳಿದಾಗ ರಾಯರು ಕಿಟಕಿಯ ಕಡೆ ನೋಡಿ, "ಹಾಗಾದರೆ ನಮ್ಮ ಊರಿನವರೇ ಅಲ್ಲವೊ? ಒಂದು ಮಾತು ಹೇಳಿಸಬಹುದಿತ್ತು," ಎಂದರು.

ಭಾನುವಾರ ಮಧ್ಯಾಹ್ನ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಪಟ್ಟಿಯನ್ನು ಪುನಃ ಬರೆಯಲು ಕುಳಿತಾಗ ರಾಯರ ಮಗಳೂ ಬಂದಿದ್ದಳು. ಏಳನೆಯ ತರಗತಿ, ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ. ಮನೆಯಲ್ಲಿ ಆಡುವುದು ಕುಂದಾಪುರದ ಕನ್ನಡವೇ ಆದರೂ ಬರೆದದ್ದನ್ನು ಓದಲು ಬಾರದು. ಕಾಚಿಗುಡದ ನೃಪತುಂಗ ಶಾಲೆಗೆ ಸೇರಿಸಬೇಕೆಂದಿದ್ದರಂತೆ, ದೂರವಾಯಿತೆಂದು ಸೇರಿಸಲಿಲ್ಲ. ತಂದೆಯು ನಾಲ್ಕು ಕೀಲಿ ಒತ್ತಿ ‘ಶ್ರೀ’ಯನ್ನು ಮೂಡಿಸಿದಾಗ ಹುಡುಗಿ ಬಗ್ಗಿ ನೋಡಿ, "ಅಪ್ಪಯ್ಯಾ, ಈ ಡಿಸೈನು ನಮ್ಮ ಬಿಲ್ಲಿನ ಮೇಲೂ ಇತ್ತಲ್ಲ?" ಎಂದಳು. ರಾಯರು ಕೂಡಲೇ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ಮಗಳ ಕಣ್ಣಿಗೆ ಅದು ಹೂಬಳ್ಳಿಯಂತೆ ಒಂದು ಅಲಂಕಾರ ಮಾತ್ರವಾಗಿತ್ತೆಂಬುದು ಅವರಿಗೆ ಆಗ ತಿಳಿಯಿತು. ಬಳಿಕ ಕುರ್ಚಿಯಿಂದ ಎದ್ದು ಅವಳನ್ನು ಕೂರಿಸಿದರು.

ಮಕ್ಕಳ ಬೆರಳಿಗೆ ಕಲಿಸಬೇಕಾದುದು ಕಡಿಮೆ. ಒಂದು ಗಂಟೆಯಲ್ಲಿ ಅವಳು ತನ್ನ ಹೆಸರನ್ನೂ ಇಡ್ಲಿ, ವಡೆ, ನೀರುದೋಸೆಗಳನ್ನೂ ಬರೆದಳು. ತೆಲುಗಿನ ಅಕ್ಷರಕ್ಕೂ ಇದಕ್ಕೂ ಇಷ್ಟು ಹೋಲಿಕೆಯಿದ್ದರೂ ಯಾರೂ ಹೇಳಲಿಲ್ಲವೇಕೆಂದು ತಂದೆಯನ್ನು ಗದರಿಸಿದಳು. ದರಪಟ್ಟಿಯ ಕೆಲಸ ಅಲ್ಲಿಗೆ ನಿಂತಿತು. ಊರಿನಲ್ಲಿರುವ ಅಜ್ಜಿಗೆ ಕಣ್ಣು ಚೆನ್ನಾಗಿದೆ, ಕನ್ನಡ ಓದುತ್ತಾರೆ, ಇಂಗ್ಲಿಷು ಬಾರದು. ಆದಕಾರಣ ಅವರಿಗೆ ಒಂದು ಕಾಗದ ಬರೆಯಬೇಕೆಂದು ಹಟ ಹಿಡಿದಳು. ಹೊಸ ಹಾಳೆ ತೆರೆದು ಮೊದಲ ಸಾಲಿನಲ್ಲಿ ‘ಅಜಜಿಗೆ’ ಎಂದು ಬರೆದು ಹುಬ್ಬು ಗಂಟಿಕ್ಕಿದಳು. "ನಡುವೆ ಎಫ್ ಒತ್ತು ಮಗಾ," ಎಂದರು ರಾಯರು. ಅವಳು ಅಳಿಸಿ ಪುನಃ ಏಳು ಕೀಲಿಗಳನ್ನು ನಿಧಾನವಾಗಿ ಒತ್ತಿದಳು.